ಎರಡು ಬಟ್ಟೆ ಹಾಸಿದ ದಾರಿ

ನನ್ನ ಅಕ್ಷರ ದುಂಡಗಿಲ್ಲ. ಮಾತು ಜೋಡಿಸಿ ಬರೆಯುವುದೂ ನನಗೆ ಹೊಸದು. ಮಠದ ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಕಿವಿಗೆ ಬಿದ್ದುದನ್ನು ಮರೆಯುವ ಮುನ್ನ ಕಾಗದಕ್ಕೆ ಇಳಿಸುತ್ತಿದ್ದೇನೆ. ಮಾತಿನಲ್ಲಿ ಒರಟಿದ್ದರೆ ಅದು ನನ್ನದು, ಕತೆ ಗುರುಗಳದು.

ಮರಿಬಸವಯ್ಯನೆಂಬ ಶಿಷ್ಯನು ಗುರುಗಳ ಮುಂದೆ ಒಂದು ಆಹ್ವಾನಪತ್ರಿಕೆಯನ್ನಿಟ್ಟು ಕೇಳಿದನು:

“ಬುದ್ಧೀ, ಮನುಷ್ಯನಂತೆ ಒಂದು ಕಂಪನಿಯೂ ಒಳ್ಳೆಯ ನಾಗರಿಕನಾಗಬಲ್ಲುದೇ?”

ಪತ್ರಿಕೆ ಕಳುಹಿಸಿದ್ದು ಹಲವು ದೇಶಗಳಲ್ಲಿ ಕಾರ್ಖಾನೆಗಳಿರುವ ಒಂದು ಕಂಪನಿ. ತಾನು ನೆಟ್ಟ ಗಿಡ, ಕಟ್ಟಿಸಿದ ಶಾಲೆಯ ಕೋಣೆ, ಉಳಿಸಿದ ನೀರು, ಎಲ್ಲವನ್ನೂ ಅದು ಒಂದು ಪುಸ್ತಕದಲ್ಲಿ ಅಚ್ಚು ಹಾಕಿಸಿತ್ತು. ಆ ಪುಸ್ತಕವನ್ನು ಗುರುಗಳು ಬಿಡುಗಡೆ ಮಾಡಿ ಹರಸಬೇಕೆಂದು ಬೇಡಿಕೊಂಡಿತ್ತು. ಮರಿಬಸವಯ್ಯನಿಗೆ ಹೋಗುವ ಮನಸ್ಸಿತ್ತು. “ಕಾರನ್ನೂ ಅವರೇ ಕಳುಹಿಸುತ್ತಾರಂತೆ” ಎಂದು ಮೆಲ್ಲಗೆ ಸೇರಿಸಿದನು.

ಗುರುಗಳು ಪತ್ರಿಕೆಯನ್ನು ಪೂರ್ತಿ ಓದಿದರು. ಮಡಿಸಿ ಪಕ್ಕಕ್ಕಿಟ್ಟರು. ಬಳಿಕ ಹೇಳತೊಡಗಿದರು.

ಒಂದು ಊರು. ಊರಿನ ಪಕ್ಕದಲ್ಲಿ ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಒಬ್ಬ ಮಡಿವಾಳಗಿತ್ತಿ ಬಟ್ಟೆ ಒಗೆಯುತ್ತಿದ್ದಳು. ಗಂಡ ತೀರಿಹೋಗಿದ್ದನು. ಒಂದು ಕತ್ತೆ, ಒಂದು ಒಗೆಯುವ ಕಲ್ಲು, ಊರಿನ ಅರವತ್ತು ಮನೆಗಳ ಬಟ್ಟೆ. ಇಷ್ಟೇ ಅವಳ ಸಂಸಾರ.

ಆ ಊರಿಗೆ ದೊಡ್ಡವರು ಯಾರಾದರೂ ಬಂದರೆ, ಅವರು ನಡೆದು ಬರುವ ದಾರಿಗೆ ಬಿಳಿಯ ಬಟ್ಟೆ ಹಾಸುವ ಹಕ್ಕು ಅವಳ ಮನೆತನದ್ದು. ಅದನ್ನು ನಡೆಮುಡಿ ಎನ್ನುತ್ತಿದ್ದರು. ಬಂದವರು ಬಟ್ಟೆಯ ಅಂಚಿನಲ್ಲಿ ನಿಂತು “ಮಡಿಯೇ?” ಎಂದು ಕೇಳಬೇಕು. ಹಾಸಿದವಳು “ಮಡಿಯೇ, ಬುದ್ಧಿ” ಎನ್ನಬೇಕು. ಆಮೇಲೆಯೇ ಹೆಜ್ಜೆ. ಊರೆಲ್ಲ ನೆರೆದಾಗ ಅವಳು ಬಾಯಿ ತೆರೆಯಬಹುದಾಗಿದ್ದುದು ಆ ಒಂದು ಮಾತಿಗೆ ಮಾತ್ರ. ಆ ಜಾಗದಲ್ಲಿ ನಿಂತು ಸುಳ್ಳಾಡಿದರೆ ಬಟ್ಟೆ ಬೇಯಿಸುವ ಉಬ್ಬೆಯ ಮಡಕೆ ಒಡೆದುಹೋಗುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಅವಳು ಅದನ್ನು ನಂಬಿದ್ದಳು.

ಐವತ್ತಾರು ದೇಶಗಳಲ್ಲಿ ಅಂಗಡಿಯಿದ್ದ ಒಬ್ಬ ವರ್ತಕನು ಆ ಕಡೆಗೆ ಬಂದನು. ಹೊಳೆ ಹುಟ್ಟುವ ಊಟೆಯ ತುಸು ಕೆಳಗೆ ಬಣ್ಣದ ಕಾರ್ಖಾನೆ ತೆರೆದನು. ಅಲ್ಲಿ ಅದ್ದಿದ ಕೆಂಪು ಬಟ್ಟೆ ಐವತ್ತಾರು ದೇಶಗಳಿಗೆ ಹೋಯಿತು. ಅದ್ದಿ ಉಳಿದ ನೀರು ಈ ಒಂದು ಊರಿಗೆ ಹರಿಯಿತು.

ಮೊದಲು ತಿಳಿದದ್ದು ಮಡಿವಾಳಗಿತ್ತಿಗೆ. ಬಿಳಿಯ ಪಂಚೆಗಳಿಗೆ ತೆಳುವಾಗಿ ಕೆಂಪು ಹತ್ತಿತು. ಆದರೆ ಅವಳು ಹೊಳೆಯನ್ನು ಅನುಮಾನಿಸಲಿಲ್ಲ; ತನ್ನನ್ನೇ ಅನುಮಾನಿಸಿದಳು. ಉಬ್ಬೆಗೆ ಯಾವುದೋ ಮೈಲಿಗೆ ತಗುಲಿತೆಂದುಕೊಂಡಳು. ಮಡಕೆ ಬದಲಿಸಿದಳು. ಕೊಳೆ ಬಿಡಿಸುವ ಚೌಳು ಮಣ್ಣನ್ನು ಬೇರೆ ಕಡೆಯಿಂದ ಹೊತ್ತು ತಂದಳು. ಒಗೆಯುವ ಕಲ್ಲಿಗೆ ಅರಿಸಿನ ಕುಂಕುಮವಿಟ್ಟು “ತಪ್ಪಾಯಿತು, ತಾಯಿ” ಎಂದಳು. ಕಸುಬಿನ ಮಾನ ಹೋದೀತೆಂದು ಯಾರಿಗೂ ಹೇಳದೆ ಒಂದೊಂದು ಬಟ್ಟೆಯನ್ನೂ ಮೂರು ಮೂರು ಸಲ ಒಗೆದಳು. ಅಂಗೈ ಸುಲಿಯಿತು, ಕೆಂಪು ಹೋಗಲಿಲ್ಲ. ಹೀಗೆ ಎರಡು ವರ್ಷ ಕಳೆದವು. ಆ ಎರಡು ವರ್ಷ ಬಾಯಿ ಬಿಡದೆ ಇದ್ದುದು ಅವಳ ತಪ್ಪು.

ಅಷ್ಟರಲ್ಲಿ ವರ್ತಕನು ಊರಿಗೆ ಬೇಕಾದವನಾಗಿದ್ದನು. ಹೊಳೆಯ ದಂಡೆಯುದ್ದಕ್ಕೂ ಬೇಗ ಬೆಳೆಯುವ ಗಿಡಗಳನ್ನು ನೆಡಿಸಿದನು. ಗಿಡ ಎದ್ದ ಮೇಲೆ ಹಾದಿಯಲ್ಲಿ ಹೋಗುವವರಿಗೆ ಹೊಳೆ ಕಾಣದಾಯಿತು. ಹಾದಿಯ ಬದಿಯಲ್ಲಿ ಅರವಟ್ಟಿಗೆ ಕಟ್ಟಿಸಿ, ದೂರದ ಬಾವಿಯ ನೀರನ್ನು ಗಾಡಿಯಲ್ಲಿ ತರಿಸಿ, ಬಾಯಾರಿದವರಿಗೆ ಪುಕ್ಕಟೆ ಕೊಟ್ಟನು. ಮಾಡಿದ ಒಂದೊಂದು ಒಳಿತನ್ನೂ ಅವನ ಗುಮಾಸ್ತನು ಹೊತ್ತಗೆಯಲ್ಲಿ ಬರೆದಿಟ್ಟನು. ಹೊಳೆಯ ಸಂಗತಿ ಅದರಲ್ಲಿ ಇರಲಿಲ್ಲ. ಅದು ಅವರು ಮಾಡಿದ್ದಲ್ಲ, ತಾನಾಗಿ ಆದದ್ದು.

ಏನು ಮಾಡಿದರೂ ಕೆಂಪು ಹೋಗದಿದ್ದಾಗ, ಕೆಟ್ಟದ್ದು ತನ್ನ ಕೈಯಲ್ಲ, ನೀರೇ ಎಂದು ತಿಳಿದು ಕೊನೆಗೆ ಮಡಿವಾಳಗಿತ್ತಿ ಊರಿನ ಗೌಡನ ಬಳಿಗೆ ಹೋದಳು.

“ಗೌಡ್ರೇ, ಹೊಳೆ ಕೆಟ್ಟಿದೆ.”

“ಹೊಳೆ ಕೆಡುವುದುಂಟೇನವ್ವ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಮಗ ದಿನವೂ ಆ ಕಾರ್ಖಾನೆಗೇ ಕೆಲಸಕ್ಕೆ ಹೋಗುತ್ತಾನೆ. ಅವನ ಕಣ್ಣಿಗೆ ಕಾಣದ್ದು ನಿನಗೆ ಕಂಡಿತೋ?”

ಗೌಡನು ಮುಂದುವರಿಸಿದನು. “ಬರುವ ಸೋಮವಾರ ಮಠದ ಸ್ವಾಮಿಗಳು ಬರುತ್ತಾರೆ. ವರ್ತಕರನ್ನು ಊರಿನ ಮಗನೆಂದು ಕರೆದು ಶಾಲು ಹೊದಿಸುವ ದಿನ. ನಡೆಮುಡಿ ಹಾಲಿನಂತಿರಬೇಕು. ಇಲ್ಲವಾದರೆ ಆ ಹಕ್ಕು ನಿನ್ನ ಮನೆಯಲ್ಲಿ ಉಳಿಯುವುದಿಲ್ಲ, ನೋಡಿಕೋ.”

ಅವಳು ನಡೆಮುಡಿಯ ಬಟ್ಟೆಯನ್ನು ಕತ್ತೆಯ ಮೇಲೆ ಹೇರಿಕೊಂಡು ಕಾರ್ಖಾನೆಯನ್ನು ದಾಟಿ ಮೇಲಕ್ಕೆ ಹೋದಳು. ಊಟೆಯ ನೀರು ಇನ್ನೂ ತಿಳಿಯಾಗಿಯೇ ಇತ್ತು. ಆದರೆ ಅದರ ಸುತ್ತ ಬೇಲಿ ಎದ್ದಿತ್ತು. ಕಾವಲಿಗೆ ನಿಂತವನು ಅವಳದೇ ಊರಿನವನು. ಅವನು ಕೈ ಅಡ್ಡ ಹಿಡಿದನು.

“ಬೇಡಕ್ಕ. ಇಲ್ಲಿ ಒಗೆದರೆ ನೀರು ಕೊಳೆಯಾಗುತ್ತದೆ. ಧಣಿಗಳು ಇದನ್ನು ಕಾಪಾಡಿ ಇಟ್ಟಿದ್ದಾರೆ.”

“ಯಾರಿಗಾಗಿ ಇಟ್ಟಿದ್ದಾರಪ್ಪ?”

“ಮುಂದೆ ಹುಟ್ಟುವವರಿಗಂತೆ. ಹಲಗೆಯ ಮೇಲೆ ಬರೆದಿದೆ.”

“ಈಗಾಗಲೇ ಹುಟ್ಟಿಬಿಟ್ಟವರಿಗೆ?”

“ಅವರಿಗೆ ಕೆಳಗೆ ಹರಿಯುತ್ತಿದೆಯಲ್ಲ” ಎಂದು ಅವನು ನಕ್ಕನು. ನಕ್ಕ ಮೇಲೆ ಅವಳ ಮುಖ ನೋಡಲಾರದೆ ಕತ್ತೆಯ ಬೆನ್ನು ಸವರಿದನು.

ಅವಳು ಹಿಂದಿರುಗಿದಳು. ಊರಿನ ಹೊಳೆಯಲ್ಲಿ, ತನ್ನ ಕಲ್ಲಿನ ಮೇಲೆ, ಬಟ್ಟೆಯನ್ನು ಒಂದೇ ಸಲ ಒಗೆದಳು. ಕೆಂಪನ್ನು ತೆಗೆಯಲು ಹೆಣಗಲಿಲ್ಲ. ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದಳು. ‘ಇದ್ದುದನ್ನು ಇದ್ದ ಹಾಗೆಯೇ ಹಾಸುತ್ತೇನೆ. ಮಡಿಯೇ ಎಂದು ಸ್ವಾಮಿಗಳು ಕೇಳಿಯೇ ಕೇಳುತ್ತಾರೆ. ಅಲ್ಲ ಬುದ್ಧಿ, ಹೊಳೆಯೇ ಮೈಲಿಗೆಯಾಗಿದೆ ಎನ್ನುತ್ತೇನೆ. ಹಕ್ಕು ಹೋದರೆ ಹೋಗಲಿ. ಗೌಡ ಕೇಳದಿದ್ದರೂ ಸ್ವಾಮಿಗಳ ಕಿವಿಗೆ ಬಿದ್ದ ಮಾತನ್ನು ಊರು ನುಂಗಲಾರದು.’ ತುಂಬಿದ ಸಭೆಯಲ್ಲಿ ನಾಲಗೆ ತೊಡರೀತೆಂಬ ಹೆದರಿಕೆಗೆ ಆ ಮಾತನ್ನು ಮೂರು ದಿನ ಕತ್ತೆಯ ಮುಂದೆ ಹೇಳಿ ರೂಢಿ ಮಾಡಿಕೊಂಡಳು.

ಸೋಮವಾರ ಬಂದಿತು. ಅವಳು ದಾರಿಗೆ ಬಟ್ಟೆ ಹಾಸಿದಳು. ನೆರೆದ ಹೆಂಗಸರಲ್ಲಿ ಒಬ್ಬಳು ಮೂಗಿನ ಮೇಲೆ ಬೆರಳಿಟ್ಟು, “ಇದೇನೇ, ಬಾಣಂತಿಯ ಬಟ್ಟೆ ತಂದು ಹಾಸಿದ್ದೀಯಲ್ಲ!” ಎಂದಳು. ಕೆಲವರು ನಕ್ಕರು. ಗೌಡನು ಹಲ್ಲು ಕಡಿದನು. ವರ್ತಕನು ಮಾತ್ರ ಸಿಟ್ಟಾಗಲಿಲ್ಲ.

“ಬೈಯಬೇಡಿ. ಪಾಪ, ಆ ತಾಯಿಗೆ ಕೈಯಲ್ಲಿ ಕಸುವು ಸಾಲದು” ಎಂದನು.

ಅವನು ಕೈಸನ್ನೆ ಮಾಡಿದೊಡನೆ ಇಬ್ಬರು ಆಳುಗಳು ಒಂದು ಹೊಸ ಬಟ್ಟೆಯನ್ನು ತಂದರು. ಅದು ಬೇರೊಂದು ದೇಶದಲ್ಲಿ ನೇಯ್ದ ಬಟ್ಟೆ. ಹಾಲಿಗಿಂತ ಬಿಳಿ. ಅದನ್ನು ಅವಳ ಬಟ್ಟೆಯ ಮೇಲೆಯೇ ಉರುಳಿಸಿ ಹಾಸಿದರು. ಊರವರು ಕೈತಟ್ಟಿದರು.

ಸ್ವಾಮಿಗಳು ಬಂದರು. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಚಿಕ್ಕ ವಯಸ್ಸಿನವರು. ಬಟ್ಟೆಯ ಅಂಚಿನಲ್ಲಿ ನಿಂತರು. ಮೇಲಿನ ಬಟ್ಟೆ ಒಂದು ಗೇಣು ಹಿಂದೆ ಸರಿದಿತ್ತು. ಅಡಿಯ ಕೆಂಪು ಅಷ್ಟಗಲ ಇಣುಕುತ್ತಿತ್ತು. ಸ್ವಾಮಿಗಳು ಅದನ್ನು ಕಂಡರು. ಅವರು ಕಂಡುದನ್ನು ಮಡಿವಾಳಗಿತ್ತಿಯೂ ಕಂಡಳು. ಕೈಜೋಡಿಸಿ ನಿಂತಳು. ಮಾತು ತುಟಿಯ ತನಕ ಬಂದಿತ್ತು. ಆ ಒಂದು ಪ್ರಶ್ನೆ ಬರುವುದಷ್ಟೇ ಬಾಕಿಯಿತ್ತು.

ವರ್ತಕನು ಸ್ವಾಮಿಗಳ ಪಕ್ಕಕ್ಕೆ ಬಂದು ನಡು ಬಾಗಿಸಿ, “ದಯಮಾಡಿಸಬೇಕು” ಎಂದನು. ವಾದ್ಯಗಳು ಮೊಳಗಿದವು.

ಸ್ವಾಮಿಗಳು ಹೆಜ್ಜೆಯಿಟ್ಟರು. ಕೇಳಲಿಲ್ಲ.

ಅವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಕೇಳದೆ ಹೇಳುವ ಪದ್ಧತಿ ಅವಳ ಮನೆತನದಲ್ಲಿ ಇರಲಿಲ್ಲ.

ಅಂದು ವರ್ತಕನು ಊರಿನ ಮಗನಾದನು. ಮಡಿವಾಳಗಿತ್ತಿಯ ಹಕ್ಕು ಹೋಯಿತು. ಅರವತ್ತು ಮನೆಗಳಲ್ಲಿ ಒಂದೊಂದಾಗಿ ಅವಳಿಗೆ ಬಟ್ಟೆ ಒಗೆಯಲು ಹಾಕುವುದನ್ನು ನಿಲ್ಲಿಸಿದರು. ಆಗ ವರ್ತಕನೇ ಕರೆದು, ಅರವಟ್ಟಿಗೆಯಲ್ಲಿ ನೀರು ಎರೆಯುವ ಕೆಲಸ ಕೊಟ್ಟನು. ಗುಮಾಸ್ತನು ಅದನ್ನೂ ಬರೆದುಕೊಂಡನು: ದಿಕ್ಕಿಲ್ಲದ ಒಬ್ಬ ಹೆಂಗಸಿಗೆ ಬಾಳು ಕೊಟ್ಟದ್ದು. ಪಕ್ಕದಲ್ಲೇ ಹೊಳೆಯ ಸದ್ದು ಕೇಳುತ್ತಿರುವಾಗ ನೀರಿನ ದಾನ ಯಾಕಮ್ಮ ಎಂದು ದಾರಿಹೋಕನೊಬ್ಬ ಒಮ್ಮೆ ಕೇಳಿದನಂತೆ. ಅವಳು ಅವನ ಬೊಗಸೆಗೆ ಇನ್ನಷ್ಟು ನೀರು ಎರೆದಳೇ ಹೊರತು ಮಾತಾಡಲಿಲ್ಲ. ಕೇಳಬೇಕಾದವರು ಕೇಳಬೇಕಾದ ದಿನ ಕೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ ಐವತ್ತಾರು ದೇಶಗಳಿಗೆ ಕೆಂಪು ಬಟ್ಟೆ ಬೇಸರವಾಯಿತು. ವರ್ತಕನು ಬೀಗ ಹಾಕಿ ಇನ್ನೊಂದು ಹೊಳೆಯನ್ನು ಹುಡುಕಿಕೊಂಡು ಹೋದನು. ಗಾಡಿಯ ನೀರು ನಿಂತಿತು. ಅರವಟ್ಟಿಗೆ ಮುಚ್ಚಿತು. ಊರಿನ ಮಗ ಹೋಗುವಾಗ ಊರಿಗೆ ಹೇಳಿಯೂ ಹೋಗಲಿಲ್ಲ. ಹೊಳೆಯನ್ನು ಮಾತ್ರ ಇದ್ದಂತೆ ಬಿಟ್ಟುಹೋದನು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮರಿಬಸವಯ್ಯನ ಮುಖ ಕೆಂಪೇರಿತ್ತು. “ವರ್ತಕನು ಲಾಭ ನೋಡಿದನು. ಊರವರು ಕೂಲಿ ನೋಡಿದರು. ಅದು ಲೋಕದ ರೀತಿ, ಇರಲಿ. ಎಲ್ಲವನ್ನೂ ಬಿಟ್ಟು ಬಂದ ಆ ಸ್ವಾಮಿಗಳಾದರೂ ಆ ಒಂದು ಮಾತು ಕೇಳಬಾರದಿತ್ತೇ, ಬುದ್ಧಿ? ಕಣ್ಣಾರೆ ಕಂಡೂ ಹೇಗೆ ದಾಟಿಹೋದರು?”

ಗುರುಗಳು ಹೇಳಿದರು:

“ಕೇಳಬೇಕಿತ್ತು, ಮರಿಬಸವಯ್ಯ; ಆದರೆ ಆ ಬಿಳಿಯ ಬಟ್ಟೆ ನನ್ನ ಪಾದಕ್ಕೆ ಬಹಳ ಮೆತ್ತಗಿತ್ತು.”



ನನಗೆ ಕೇಳಿಸಿದಷ್ಟನ್ನು ಬರೆದಿದ್ದೇನೆ. ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.