ಬೆರಕೆ ಸೊಪ್ಪಿನ ಬದು

ಗುರುಗಳು ಪಕ್ಕದೂರಿಗೆ ಹೋಗಿದ್ದ ದಿನ ಶಿಷ್ಯ ಚನ್ನಮಲ್ಲ ಮಠದ ತೋಟದ ಬದುವಿಗೆಲ್ಲ ಕಳೆ ಔಷಧಿ ಹೊಡೆದ.

ಮರುದಿನ ಬೆಳಿಗ್ಗೆ ಗುರುಗಳು ಬಂದರು. ಶಿಷ್ಯ ಕರೆದುಕೊಂಡು ಹೋಗಿ ತೋರಿಸಿದ.

“ಎರಡು ದಿನ ಕುಡುಗೋಲು ಹಿಡಿಯುವ ಕೆಲಸ ಬುದ್ಧಿ. ಒಂದು ಗಂಟೆಯಲ್ಲಿ ಮುಗಿಸಿದೆ.”

ಗುರುಗಳು ಬಗ್ಗಿ ಒಂದು ಎಲೆ ನೋಡಿದರು.

“ಹಸಿರಾಗೇ ಇದೆಯಲ್ಲ.”

“ಒಣಗುವುದಕ್ಕೆ ಎಂಟು ದಿನ ಬೇಕು.”

“ಅಲ್ಲಿಯವರೆಗೆ, ಹೊಡೆದಿದೆ ಅಂತ ಯಾರಿಗೆ ತಿಳಿಯುತ್ತೆ?”

“ಹೊಡೆದವನಿಗೆ ತಿಳಿಯುತ್ತೆ ಬುದ್ಧಿ,” ಎಂದು ಚನ್ನಮಲ್ಲ ನಕ್ಕ.

ಗುರುಗಳು ನಗಲಿಲ್ಲ. ಔಷಧಿಯ ಡಬ್ಬ ತರಿಸಿಕೊಂಡು ಕನ್ನಡಕ ಹಾಕಿಕೊಂಡರು. ಇರುವೆಯಂಥ ಅಕ್ಷರ. ಕೈಗವಸು ಹಾಕಿಕೊಳ್ಳಿ. ಮುಖ ಮುಚ್ಚಿಕೊಳ್ಳಿ. ನೀರಿನ ಹತ್ತಿರ ಬಳಸಬೇಡಿ. ಹೊಡೆದ ಜಾಗಕ್ಕೆ ದನ ಬಿಡಬೇಡಿ.

“ಇದರಿಂದ ಮನುಷ್ಯರಿಗೆ ಏನಾಗುತ್ತೆ?”

“ಏನೂ ಆಗಲ್ಲ ಅಂದ ಅಂಗಡಿಯವನು.”

“ಏನೂ ಆಗದ್ದಕ್ಕೆ ಕೈಗವಸು ಯಾಕೆ?”

ಚನ್ನಮಲ್ಲ ತನ್ನ ಕೈ ನೋಡಿಕೊಂಡ.

“ಕೆಲವರು ಕ್ಯಾನ್ಸರ್ ಬರುತ್ತೆ ಅಂತಾರೆ ಬುದ್ಧಿ. ಕೆಲವರು ಸುಳ್ಳು ಅಂತಾರೆ. ಓದಿದವರೇ ಕಿತ್ತಾಡುತ್ತಾರೆ. ಯಾವುದು ನಿಜ?”

“ನನಗೆ ಗೊತ್ತಿಲ್ಲ. ನಿನಗೆ?”

“ನನಗೂ ಗೊತ್ತಿಲ್ಲ.”

“ಗೊತ್ತಿಲ್ಲದ್ದನ್ನು ಹೊಡೆದೆ.”

“ಎಲ್ಲರೂ ಹೊಡೀತಾರೆ ಬುದ್ಧಿ.”

“ಇವತ್ತು ಯಾವ ವಾರ?”

“ಗುರುವಾರ,” ಎಂದ ಚನ್ನಮಲ್ಲ. ತೆರೆದ ಬಾಯಿ ಹಾಗೇ ನಿಂತಿತು.

ಗುರುವಾರ ಹೊಳೆಯಾಚೆಯ ನಿಂಗಾಜಮ್ಮ ಬರುವ ದಿನ. ಬೆಳಕು ಹರಿಯುತ್ತಲೇ ಬಂದು, ಬದುವಿನಲ್ಲಿ ತಾನಾಗಿ ಹುಟ್ಟಿದ ಗಣಿಕೆ, ಅಣ್ಣೆ, ಹೊನಗೊನ್ನೆ, ಕಂಡದ್ದನ್ನೆಲ್ಲ ಚಿವುಟಿ ಮಡಿಲು ತುಂಬಿಕೊಳ್ಳುತ್ತಾಳೆ. ಬೆರಕೆ ಸೊಪ್ಪು. ಅರ್ಧ ಮಠದ ಅಡುಗೆಮನೆಗೆ, ಅರ್ಧ ಅವಳ ಮನೆಗೆ. ಮನೆಯಲ್ಲಿ ಸೊಸೆ ಏಳು ತಿಂಗಳ ಬಸುರಿ.

“ಪ್ರತಿ ಗುರುವಾರ ಎರಡು ಸಲ ಸಾರು ಹಾಕಿಸಿಕೊಳ್ಳುತ್ತೀಯ,” ಎಂದರು ಗುರುಗಳು. “ಸೊಪ್ಪು ಎಲ್ಲಿಂದ ಬರುತ್ತೆ ಅಂದುಕೊಂಡಿದ್ದೆ?”

“ನಾನು ಏಳುವ ಹೊತ್ತಿಗೆ ಆಕೆ ಬಂದು ಹೋಗಿರುತ್ತಾಳೆ ಬುದ್ಧಿ. ಎಲ್ಲಿ ಚಿವುಟುತ್ತಾಳೆ ಅಂತ ನೋಡಿರಲಿಲ್ಲ.”

ಗುರುಗಳು ಅಡುಗೆಮನೆಗೆ ಹೋದರು. ಸಾರು ಕುದಿಯುತ್ತಿತ್ತು. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದು ಹಿತ್ತಲ ಗುಂಡಿಗೆ ಸುರಿದರು. ಮೇಲೆ ಮಣ್ಣು ಎಳೆದರು.

“ಇದು ನಮ್ಮ ಅರ್ಧ.”

ಚನ್ನಮಲ್ಲ ಓಡಿದ. ಹೊಳೆಯಲ್ಲಿ ಮಂಡಿಯುದ್ದ ನೀರು. ಎರಡು ಸಲ ಬಿದ್ದ.

ನಿಂಗಾಜಮ್ಮನ ಮನೆಯಲ್ಲಿ ಸೊಸೆ ತಟ್ಟೆಯ ಮುಂದೆ ಕೂತಿದ್ದಳು. ತಟ್ಟೆಯಲ್ಲಿ ಮುದ್ದೆ. ನಿಂಗಾಜಮ್ಮನ ಕೈಯಲ್ಲಿ ಸೌಟು.

“ಅವ್ವಾ, ಬಡಿಸಬೇಡಿ!”

“ಯಾಕ್ ಮಗ, ಬುದ್ಧಿಯೋರಿಗೆ ಸೊಪ್ಪು ಸಾಲ್ದೇ ಹೋಯ್ತಾ? ಬಟ್ಟೆ ಎಲ್ಲಾ ನೆನಸ್ಕಂಡು ಬಂದಿದ್ದೀಯ.”

ಹೌದು ಎಂದು ಪಾತ್ರೆ ಹೊತ್ತುಕೊಂಡು ಹೋಗಬಹುದಿತ್ತು. ಚನ್ನಮಲ್ಲನಿಗೆ ಅದು ಹೊಳೆಯಿತು. ಉಸಿರು ಎಳೆದುಕೊಂಡ.

“ನಿನ್ನೆ ಆ ಬದುವಿಗೆ ಕಳೆ ಔಷಧಿ ಹೊಡೆದಿದ್ದೀನಿ ಅವ್ವಾ.”

“ಯಾರು?”

“ನಾನೇ.”

ಸೊಸೆ ತಟ್ಟೆ ಹಿಂದಕ್ಕೆ ತಳ್ಳಿದಳು. ನಿಂಗಾಜಮ್ಮ ಸೌಟನ್ನು ಪಾತ್ರೆಗೆ ಬಿಟ್ಟಳು.

“ಯಾರಾದರೂ ತಿಂದಿರಾ?”

“ಅವಳು ಮುಟ್ಟಿಲ್ಲ. ನಾನು ಉಪ್ಪು ನೋಡಾಕೆ ಅಂಗೈಗೆ ಹಾಕ್ಕಂಡು ನೆಕ್ಕಿದೆ.”

“ಆಸ್ಪತ್ರೆಗೆ ಹೋಗೋಣ, ಏಳಿ.”

“ಹೋಗಾನ ಇರು. ಈ ಕಡೆ ಬದುಗೆಲ್ಲಾ ಹೊಡೀತಾರೆ ಅಂತ ತಾನೇ ನಾನು ಮಂಡಿ ನೋವು ಇಟ್ಕಂಡು ಹೊಳೆ ದಾಟ್ತಿದ್ದುದು? ಮಠದೋರು ಹೊಡೆಯಾಕಿಲ್ಲ ಅಂತ. ಇನ್ನು ಎಲ್ಲಿಗೋಗ್ಲಿ? ನೀನೇ ಹೇಳು.”

ಚನ್ನಮಲ್ಲ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಅವನು ಮಠಕ್ಕೆ ಬಂದಾಗ ಸಂಜೆ. ಗುರುಗಳು ಬೆಳಿಗ್ಗೆಯಿಂದ ಬದುವಿನ ಹತ್ತಿರವೇ ಕೂತಿದ್ದರು. ಇನ್ನಾರಾದರೂ ಸೊಪ್ಪಿಗೆ ಬಂದರೆ ತಡೆಯಬೇಕಲ್ಲ.

“ತಿಂದರಾ?”

“ಸೊಸೆ ತಿಂದಿಲ್ಲ. ನಿಂಗಾಜಮ್ಮ ಒಂದು ಅಂಗೈ ಸಾರು. ಡಾಕ್ಟರು ನೋಡಿದರು. ಸದ್ಯಕ್ಕೆ ಏನೂ ಇಲ್ಲ, ವಾಂತಿ ಗೀಂತಿ ಆದರೆ ಕರೆದುಕೊಂಡು ಬನ್ನಿ ಅಂದರು.”

“ಅವಳಿಗೆ ಏನು ಹೇಳಿದೆ?”

“ಇದ್ದದ್ದು.”

ಗುರುಗಳು ತಲೆಯಾಡಿಸಿದರು.

“ಇನ್ನು ಎಲ್ಲಿಗೆ ಹೋಗಲಿ ಅಂತ ಕೇಳಿದಳು ಬುದ್ಧಿ.”

“ಹೊಡೆಯದೆ ಬಿಟ್ಟ ಜಾಗ ಏನಾದರೂ ಇದೆಯಾ?”

“ಬಾವಿಯ ಹಿಂದೆ ಒಂದು ಚಾಪೆಯಷ್ಟು ಇದೆ. ಡಬ್ಬ ಖಾಲಿಯಾಯಿತು.”

“ಅಲ್ಲಿ ಏನಿದೆ?”

“ಏನೂ ಇಲ್ಲ ಬುದ್ಧಿ, ಬರೀ ಕಳೆ, ಗಣಿಕೆ ಅಣ್ಣೆ ಅಂಥದ್ದು. ಬಿಸಿಲಿಗೆ ಅದೂ ಬಾಡಿದೆ.”

ಗುರುಗಳು ಎದ್ದು ಹೋಗಿ ಕೊಡ ತಂದು ಅವನ ಕೈಗೆ ಕೊಟ್ಟರು.

“ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು.”