ಸಂಕವ್ವ ಎತ್ತಿಕೊಟ್ಟ ಐರಾಣಿ

ಬಹಳ ಹಿಂದೆ, ಇಸವಿ ಬರೆದಿಡುವ ರೂಢಿ ಯಾರಿಗೂ ಇಲ್ಲದ ಕಾಲದಲ್ಲಿ, ಹೊಳೆಯ ದಂಡೆಗೆ ಒಂದು ಊರಿತ್ತು. ಆ ಊರು ನಮ್ಮದೇ. ಈಗ ದಿಬ್ಬದ ಮೇಲಿದೆ, ಆಗ ನೀರಿನ ಮಗ್ಗುಲಲ್ಲೇ ಇತ್ತು. ಅಲ್ಲಿ ಸಂಕವ್ವ ಅನ್ನುವ ಕುಂಬಾರರ ಹೆಣ್ಣುಮಗಳು ಇದ್ದಳು. ನಾನು ಅವಳನ್ನು ಕಂಡವನಲ್ಲ. ನನ್ನ ಅಜ್ಜಿಯೂ ಕಂಡವಳಲ್ಲ. ಅಜ್ಜಿಗೆ ಅವಳ ಅಜ್ಜಿ ಹೇಳಿದ್ದನ್ನು ನಾನು ಕೇಳಿದ ಹಾಗೆ, ಶಿವನಿಗೆ ಕೈಮುಗಿದು ಹೇಳುತ್ತೇನೆ.

ಸಂಕವ್ವನ ಗಂಡ ಕಲ್ಲಪ್ಪ. ಇಬ್ಬರು ಗಂಡುಮಕ್ಕಳು. ಗಂಡ ತಿಗರಿ ತಿರುಗಿಸಿ ಗಡಿಗೆ ಎತ್ತುತ್ತಿದ್ದ. ಅವಳು ಹಲಗೆಯಿಂದ ತಟ್ಟಿ ತಟ್ಟಿ ಅದರ ಹೊಟ್ಟೆ ದುಂಡಗೆ ಮಾಡುತ್ತಿದ್ದಳು. ಹೆಣ್ಣುಮಕ್ಕಳು ತಿಗರಿ ಮುಟ್ಟಬಾರದು ಅನ್ನುವುದು ಅವರ ಮನೆತನದ ಕಟ್ಟು. ಆ ಗಾಲಿಗೆ ಅವರು ದಿನಾ ಬೆಳಿಗ್ಗೆ ವಿಭೂತಿ ಹಚ್ಚುತ್ತಿದ್ದರು. ಸಂಕವ್ವ ಜೀವಮಾನದಲ್ಲಿ ಅದನ್ನು ಒಂದು ಬೆರಳಿನಿಂದಲೂ ಮುಟ್ಟಿರಲಿಲ್ಲ ಅಂತಾರೆ.

ಒಂದು ಮಳೆಗಾಲ ಅವಳು ಅಣ್ಣನ ಮನೆಗೆ ಹೋಗಿದ್ದಳು. ಹೊಳೆ ಏರಿತು. ಒಣಗಲು ಇಟ್ಟ ಗಡಿಗೆಗಳನ್ನು ಮೇಲಕ್ಕೆ ಸಾಗಿಸುತ್ತೇವೆಂದು ಅಪ್ಪ ಮಕ್ಕಳು ಹಿಂದೆ ಉಳಿದರು. ನೀರು ಇಳಿದ ಮೇಲೆ ಅವಳು ಬಂದು ನೋಡಿದರೆ ಮನೆ ಇಲ್ಲ, ತಿಗರಿ ಇಲ್ಲ, ಗಡಿಗೆ ಸುಡುವ ಆವಿಗೆಯ ಕುಣಿಯ ತುಂಬ ಉಸುಕು. ಮೂವರೂ ಇಲ್ಲ. ಅವಳು ಒಂಬತ್ತು ದಿನ ಹೊಳೆಯ ಕಡೆ ಮುಖ ಮಾಡಿ ಕೂತಳು ಅಂತಾರೆ. ಹತ್ತನೆಯ ದಿನ ಅಣ್ಣ ಗಾಡಿ ಹೂಡಿಕೊಂಡು ಬಂದ.

‘ನಡಿ ತಂಗಿ, ನಮ್ಮ ಮನಿಯಾಗ ನಿನಗೊಂದು ತುತ್ತಿಗೆ ಕೊರತಿ ಇಲ್ಲ’ ಅಂದ.

‘ಅಲ್ಲಿ ನಾ ಉಂಡು ಕುಂಡ್ರಬೇಕು, ಯಣ್ಣಾ. ಇಲ್ಲಿ ನನಗ ಕೆಲಸ ಐತಿ’ ಅಂದಳು ಸಂಕವ್ವ.

ಹಾಗೆ ಅವಳು ಉಳಿದಳು. ಊರವರು ನಾಲ್ಕು ಕಂಬ ನೆಟ್ಟು ಸೊಪ್ಪು ಹೊದಿಸಿ ಕೊಟ್ಟರು. ಮಣ್ಣಿತ್ತು, ನೀರಿತ್ತು, ತಟ್ಟುವ ಹಲಗೆಯೊಂದು ಕೆಸರಿನಲ್ಲಿ ಸಿಕ್ಕಿತ್ತು. ತಿಗರಿ ಮಾಡಿಸಿಕೊಂಡರೂ ಮುಟ್ಟುವಂತಿಲ್ಲ. ಅದಕ್ಕೆ ಅವಳು ಒಡೆದ ನೀರಿನ ಹರವಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಮಣ್ಣು ಹೊದಿಸಿ, ತಟ್ಟಿ ತಟ್ಟಿ ಗಡಿಗೆಯ ತಳ ತೆಗೆದಳು. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತು ಸುತ್ತಾಗಿ ಏರಿಸಿ ಕಂಠ ಕಟ್ಟಿದಳು. ಒಣಗಲಿಟ್ಟ ಹಸಿ ಗಡಿಗೆಗಳು ಸೊಟ್ಟಗಾದವು. ‘ಸಂಕವ್ವನ ಗಡಿಗಿ ಒಲಿ ಮ್ಯಾಲೆ ಇಟ್ಟರ ಸಾರಿಗೆ ಉಪ್ಪು ಎಷ್ಟು ಹಾಕಿದ್ರಿ ಅಂತ ಬಗ್ಗಿ ನೋಡತೈತಿ’ ಎಂದು ಬಾವಿಕಟ್ಟೆಯ ಮೇಲೆ ಹೆಂಗಸರು ನಕ್ಕರು. ಅವಳೂ ನಕ್ಕಳು ಅಂತಾರೆ. ಪ್ರವಾಹದ ನಂತರ ಅವಳು ನಕ್ಕದ್ದು ಅದೇ ಮೊದಲು.

ಮೊದಲ ಆವಿಗೆ ಸುಟ್ಟಾಗ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಬೂದಿ ಆರಿ ತಣ್ಣಗಾಗುವ ತನಕ ಆವಿಗೆ ಬಿಚ್ಚಬಾರದೆಂದು ಅವಳಿಗೆ ತಿಳಿಯದ್ದಲ್ಲ. ಆದರೆ ಕಾಯುವುದು ಯಾವಾಗಲೂ ಕಲ್ಲಪ್ಪನ ಕೆಲಸವಾಗಿತ್ತು. ಮರುದಿನವೇ ಬಿಚ್ಚಿದಳು. ಹೊಳೆಯ ತಂಗಾಳಿ ತಾಕಿದ್ದೇ ತಡ, ಟಿಕ್ ಟಿಕ್ ಎಂದು ಒಂದೊಂದೇ ಸೀಳಿದವು. ನಾಲ್ಕು ತಿಂಗಳ ದುಡಿಮೆ, ಒಂದೂ ಉಳಿಯಲಿಲ್ಲ. ಅವಳು ಆ ಸದ್ದು ನಿಲ್ಲುವ ತನಕ ಅಲ್ಲೇ ಕೂತು ಕೇಳಿದಳು ಅಂತಾರೆ.

ಆಮೇಲೆ ಎದ್ದಳು. ಒಡೆದ ಚೂರುಗಳನ್ನೆಲ್ಲ ಒರಳಿಗೆ ಹಾಕಿ ಕುಟ್ಟಿದಳು, ಜರಡಿ ಹಿಡಿದಳು, ಹೊಸ ಮಣ್ಣಿಗೆ ಬೆರೆಸಿ ತುಳಿದಳು. ಆ ಬುದ್ಧಿ ಯಾರು ಹೇಳಿಕೊಟ್ಟರೋ ಶಿವನಿಗೇ ಗೊತ್ತು. ಒಮ್ಮೆ ಬೆಂಕಿ ಕಂಡ ಮಣ್ಣು ಒಳಗೆ ಸೇರಿದ ಮೇಲೆ ಅವಳ ಗಡಿಗೆ ಎಂಥ ಉರಿಗೂ ಜಗ್ಗಲಿಲ್ಲ. ಎರಡು ವರ್ಷದಲ್ಲಿ ಊರಿನ ಒಲೆಗಳ ಮೇಲೆಲ್ಲ ಅವಳದೇ ಗಡಿಗೆ. ಅದರಲ್ಲಿ ಕಾಸಿದ ಹಾಲು ಮೂರು ದಿನ ಕೆಡುತ್ತಿರಲಿಲ್ಲ ಅಂತಾರೆ. ಏಳು ದಿನ ಅನ್ನುವವರೂ ಇದ್ದಾರೆ.

ಆದರೂ ಒಂದು ಮಾತು ಉಳಿದಿತ್ತು. ಮದುವೆಗೆ ಐರಾಣಿ ಬೇಕು. ಐರಾಣಿ ಅಂದರೆ ಸುಣ್ಣ ಕೆಮ್ಮಣ್ಣಿನ ಚಿತ್ರ ಬರೆದ ಐದು ಗಡಿಗೆ. ಬಾಜಾಭಜಂತ್ರಿಯೊಂದಿಗೆ ಕುಂಬಾರರ ಮನೆಗೆ ಹೋಗಿ ತರಬೇಕು, ಕುಂಬಾರನ ಹೆಂಡತಿ ತನ್ನ ಕೈಯಾರೆ ಮುತ್ತೈದೆಯರ ತಲೆಯ ಮೇಲೆ ಎತ್ತಿಡಬೇಕು. ಗಂಡ ಸತ್ತವಳು ಎತ್ತಿಡುವುದು ಹೇಗೆ? ಐರಾಣಿ ಕೊಡುವ ಮನೆಗೇ ಊರ ಮಣ್ಣಿನ ಗುಂಡಿ ಎಂಬುದು ಹಳೆಯ ನೇಮ. ಹೀಗಾಗಿ ಬೇರೆ ಊರಿನಿಂದ ಒಂದು ಕುಂಬಾರ ಮನೆತನ ಕರೆಸಿ ಗುಂಡಿಯನ್ನು ಅವರಿಗೆ ಕೊಡುವ ಮಾತು ಚಾವಡಿಯಲ್ಲಿ ನಡೆದಿತ್ತು. ಮಣ್ಣು ಹೋದರೆ ಸಂಕವ್ವನಿಗೆ ಅಣ್ಣನ ಗಾಡಿಯೇ ಗತಿ.

ಅಷ್ಟರಲ್ಲಿ ಗೌಡರ ಮಗಳು ನೀಲವ್ವನ ಮದುವೆ ಬಂತು. ಪಕ್ಕದ ಊರಿನಿಂದ ತರುತ್ತಿದ್ದ ಐರಾಣಿ ಹಳ್ಳದಲ್ಲಿ ಗಾಡಿ ಮಗುಚಿ ಚೂರಾಯಿತು. ಮದುವೆಗೆ ಐದೇ ದಿನ. ಸಂಕವ್ವನ ಹತ್ತಿರ ಒಣಗಿದ ಹಸಿ ಗಡಿಗೆ ಇದ್ದವು, ಸುಡುವುದಷ್ಟೇ ಬಾಕಿ. ಹಿತ್ತಲ ಕಡೆಯಿಂದ ತಂದು ಬೇರೆ ಊರಿನವು ಅಂದರಾಯಿತು ಎಂದು ಊರ ಹಿರಿಯ ದ್ಯಾಮಪ್ಪ ದಾರಿ ಹೇಳಿದ. ಗೌಡತಿ ಬಾಳವ್ವ ಹಾಗೇ ಹೋಗಿ ಕೇಳಿದಳು.

‘ಗಡಿಗಿ ಕೊಡ್ತೀನಿ ಯಕ್ಕಾ’ ಅಂದಳು ಸಂಕವ್ವ. ‘ಕದ್ದು ಒಯ್ಯಬ್ಯಾಡ್ರಿ. ಬಾಜಿ ಕರಕೊಂಡು ಮುಂದಿನ ಬಾಗಿಲಿಗೆ ಬರ್ರಿ. ಆಗಲಿಲ್ಲ ಅಂದ್ರ ಮತ್ತೊಂದು ಗಾಡಿ ಹೂಡ್ರಿ.’

ಮನೆಯಲ್ಲಿ ಗದ್ದಲವಾಯಿತು. ಆಗ ಬಾಯಿ ಬಿಟ್ಟವಳು ಮದುಮಗಳು. ‘ಹಂದರದಾಗ ಎಲ್ಲಾರೂ ಆಕಿ ಗಡಿಗಿ ನೀರು ಕುಡಿಯಾಕ್ಹತ್ತೀರಿ. ನೀರಡಿಕಿ ಆದಾಗ ಆಕಿ ಕೈ ಯಾರಿಗೂ ನೆನಪಾಗಲಿಲ್ಲೇನು?’ ಅಂದಳು. ಗೌಡರು ಎದ್ದು ಹೊರಗೆ ಬಂದರು. ಬಾಜಿಯವರಿಗೆ ಹೇಳಿ ಕಳಿಸಿದರು.

ಸಂಕವ್ವ ಆವಿಗೆಗೆ ಬೆಂಕಿ ಇಟ್ಟಳು. ಮದುವೆಯ ದಿನ ಬೆಳಿಗ್ಗೆ ಬಾಜಿ ಬಂತು, ಐದು ಜನ ಮುತ್ತೈದೆಯರು ಬಂದರು. ಸಂಕವ್ವ ಬೂದಿಯ ಮೇಲೆ ಅಂಗೈ ಇಟ್ಟು ನೋಡಿ, ಇನ್ನೂ ಆರಿಲ್ಲ, ಕೂಡ್ರಿ ಅಂದಳು. ಬಿಸಿಲು ಏರಿತು. ಬಾಜಿಯವರು ನೆರಳು ಹಿಡಿದು ಎಲೆ ಅಡಿಕೆ ಹಾಕಿಕೊಂಡರು.

‘ಮುಹೂರ್ತ ಮೀರಿದರ ಯಾರು ಹೊಣಿ, ಬೇ?’ ಎಂದು ದ್ಯಾಮಪ್ಪ ಕೆಣಕಿದ.

‘ಅವಸರ ಮಾಡಿದರ ಒಡಿತಾವ, ಯಪ್ಪಾ. ಒಮ್ಮೆ ಮಾಡಿ ನೋಡೀನಿ.’

ಮಧ್ಯಾಹ್ನಕ್ಕೆ ಅವಳು ಆವಿಗೆ ಬಿಚ್ಚಿದಳು. ಬೆರಳಿನಿಂದ ಒಂದೊಂದನ್ನೂ ಬಾರಿಸಿದಳು. ಐದೂ ಕಂಚಿನ ಹಾಗೆ ನುಡಿದವು. ಆ ನಾದಕ್ಕೇ ಸನಾದಿಯವನು ಶ್ರುತಿ ಹಚ್ಚಿದ ಅಂತಾರೆ. ಸುಣ್ಣ ಕೆಮ್ಮಣ್ಣು ಬರೆದು ಮುಗಿಸಿ, ಎತ್ತಿಡುವ ಹೊತ್ತು ಬಂದಾಗ ಮಾತ್ರ ಅವಳು ಕೈ ಸೆರಗಿಗೆ ಒರೆಸಿಕೊಂಡು ಹಿಂದಕ್ಕೆ ಸರಿದಳು. ಯಾರಾದರೂ ಮುತ್ತೈದೆ ಎತ್ತಲಿ ಅಂದಳು. ಗಟ್ಟಿಯಾಗಿ ಬಾಗಿಲಿಗೆ ಕರೆಸಿದವಳಿಗೆ ಕೂಡ ಅಲ್ಲಿ ಧೈರ್ಯ ಸಾಲಲಿಲ್ಲ. ಐದು ಜನರಲ್ಲಿ ಬಾಳವ್ವ ಮೊದಲಿನವಳು. ಅವಳು ಬಂದು ಸಂಕವ್ವನ ಮುಂದೆ ತಲೆ ಬಾಗಿಸಿ ನಿಂತಳು. ಹೆತ್ತ ತಾಯಿ, ಮಗಳ ಮದುವೆಯ ದಿನ, ಹಾಗೆ ನಿಂತಳು. ಸಂಕವ್ವ ಗಡಿಗೆ ಎತ್ತಿಟ್ಟಳು.

ಮಣ್ಣಿನ ಗುಂಡಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ನೀಲವ್ವ ಮೊಮ್ಮಕ್ಕಳ ಮದುವೆ ಕಂಡು, ತಲೆಯೆಲ್ಲ ಬೆಳ್ಳಗಾಗಿ, ಮುತ್ತೈದೆಯಾಗಿಯೇ ಹೋದಳು ಅಂತಾರೆ. ಸಂಕವ್ವ ಅಕ್ಕಪಕ್ಕದ ಊರುಗಳ ಏಳು ಮಂದಿ ಹೆಣ್ಣುಮಕ್ಕಳಿಗೆ ತಟ್ಟುವ ವಿದ್ಯೆ ಕಲಿಸಿ ಶಿವನ ಪಾದ ಸೇರಿದಳು.

ಇವತ್ತಿಗೂ ನಮ್ಮೂರಲ್ಲಿ ಐರಾಣಿಗೆ ಹೋಗುವಾಗ ಮದುವೆ ಮನೆಯವರು ತಮ್ಮ ಮನೆತನದ ಗಂಡನಿಲ್ಲದ ಹಿರಿಯಳೊಬ್ಬಳನ್ನು ಕೈ ಹಿಡಿದು ಮುಂದೆ ಕರೆದೊಯ್ಯುತ್ತಾರೆ. ಅತ್ತೆಯೋ ದೊಡ್ಡವ್ವನೋ, ಯಾರಿದ್ದರೆ ಅವರು. ಮೊದಲ ಗಡಿಗೆಯನ್ನು ಅವಳೇ ಎತ್ತಿಡಬೇಕು. ಪರವೂರಿನ ಬೀಗರು ಇದೇನು ಎಂದು ಹುಬ್ಬೇರಿಸಿದರೆ, ಸಂಕವ್ವ ಎತ್ತಿಕೊಟ್ಟಿದ್ದು ರೀ ಅಂದು, ನಮ್ಮವರು ಬಾರಿಸಲು ಬಾಜಿಯವರಿಗೆ ಕೈಸನ್ನೆ ಮಾಡುತ್ತಾರೆ.