ನೆರಳಲ್ಲಿಟ್ಟ ಈಳಿಗೆಮಣೆ

ಹುಣಸೆಹಣ್ಣಿನ ಬೀಜ ಬಿಡಿಸ್ತಾ ಇರಿ, ಕತೆ ಕೇಳೋದು ಕಿವಿ, ಕೈಯಲ್ಲ. ಕೈ ನಿಂತ್ರೆ ನಾನೂ ಬಾಯಿ ನಿಲ್ಲಿಸ್ತೀನಿ, ಮೊದಲೇ ಹೇಳಿದೀನಿ. ಏ ಪ್ರಮೀಳಾ, ನೀನು ಈ ಬೀದಿಗೆ ಸೊಸೆಯಾಗಿ ಬಂದು ಇನ್ನೂ ಮೂರು ತಿಂಗಳು. ಆಗ್ಲೇ ನಿನ್ನ ತರಕಾರಿ ಹೆಚ್ಚೋ ಮಣೆ ನಾರ್ತದೆ ಅಂತ ಬೆಳಗ್ಗೆಯಿಂದ ಗೋಳಾಡ್ತಾ ಇದೀಯ. ಎರಡು ದಿನ ಸಿಂಕಿನ ನೀರಲ್ಲೇ ಬಿಟ್ಟಿದ್ದೆ ಅಂತಾನೂ ನೀನೇ ಹೇಳ್ದೆ. ಹೋಗ್ಲಿ ಬಿಡು. ಮಣೆ ಹಾಳು ಮಾಡೋದ್ರಲ್ಲಿ ನಿನ್ನನ್ನ ಮೀರಿಸಿದೋನು ಒಬ್ಬ ಅವ್ನೆ, ಅವನ ಕತೆ ಕೇಳು, ಸಮಾಧಾನ ಆಗ್ತದೆ. ಮಿಕ್ಕೋರು ಹತ್ತು ಸಲ ಕೇಳಿದೀರಿ. ನಗೋದಾದ್ರೆ ಕೊನೇಲಿ ನಗಿ, ಈಗಲೇ ಕಿಸಕ್ ಅನ್ನಬೇಡಿ.

ಒಬ್ಬಳು ಅವ್ವ, ಅವಳಿಗೊಬ್ಬ ಮಗ. ಅವ್ವನ ಹೆಸರು ಪುಟ್ಟಗೌರಮ್ಮ. ಮಗ ಪೆದ್ದ. ಅವನ ಹೆಸರೇನು ಅಂತ ಕೇಳಬೇಡ ಪ್ರಮೀಳಾ, ಆ ಹೆಸರು ನನ್ನ ಬಾಯಲ್ಲಿ ಬರಲ್ಲ. ಪೆದ್ದ ಅಂತಲೇ ಇಟ್ಕೋ. ಇಪ್ಪತ್ತೈದು ವರ್ಷ, ಬಾಗಿಲಷ್ಟು ಎತ್ತರದ ಆಳು, ಹೊಲದಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡೋನು. ಸುಳ್ಳು ಹೇಳಕ್ಕೆ ಬರ್ತಿರಲಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಒಂದು ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ. ಅವ್ವನಿಗೆ ಬಂದ ಕಷ್ಟವೇ ಅದು.

ಪುಟ್ಟಗೌರಮ್ಮ ಮದುವೆ ಮನೆಗಳಿಗೆ ಅಡುಗೆ ಮಾಡೋಳು. ಗಂಡ ಹೋಗಿ ಎಷ್ಟೋ ವರ್ಷ. ಆಸ್ತಿ ಅಂತ ಅವಳಿಗೆ ಇದ್ದದ್ದು ಒಂದು ಈಳಿಗೆಮಣೆ. ಹಲಸಿನ ಮರದ್ದು, ಅವಳ ಅವ್ವ ಕೊಟ್ಟಿದ್ದು. ಎರಡು ತಲೆಮಾರು ಕೂತು ಕೂತು ನುಣ್ಣಗಾಗಿತ್ತು. ಆ ಮಣೆ ಮೇಲೆ ಕೂತು ಅವಳು ಹೆಚ್ಚಿದ ಕುಂಬಳಕಾಯಿ ತಿಂದು ಈ ಸುತ್ತಿನಲ್ಲಿ ಎಷ್ಟು ಮದುವೆ ಆದವೋ ಲೆಕ್ಕ ಇಟ್ಟೋರಿಲ್ಲ. ಆದ್ರೆ ಕೈ ನಡುಗೋಕೆ ಶುರುವಾಗಿತ್ತು. ನಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನ್ನ ಯಾರು ನೋಡ್ಕೋತಾರೆ, ಅದೊಂದೇ ಅವಳ ಚಿಂತೆ. ಹೆಂಗಾದ್ರೂ ಇವನಿಗೊಂದು ಹೆಣ್ಣು ತರಬೇಕು. ಯಾರು ಕೊಡ್ತಾರೆ?

ಒಂದಿನ ಮದುವೆ ಅಡುಗೆ ಮುಗಿಸಿ ಬಂದಳು. ಸುಸ್ತಾಗಿದ್ಲು. ಮಣೆ ತುಂಬ ಬಾಳೆಕಾಯಿ ಕರೆ. ನೀರಿಗೆ ಹಾಕಿ ಕರೆ ಹೋಗೋ ತನಕ ಬಿಡಬೇಡ ಕಣಪ್ಪ ಅಂತ ಮಗನಿಗೆ ಹೇಳಿ ಬಿದ್ಕೊಂಡ್ಲು. ಬಾಳೆಕಾಯಿ ಕರೆ ಹೋಗ್ತದಾ? ಪೆದ್ದ ಮಣೆ ತಗೊಂಡೋಗಿ ದನ ನೀರು ಕುಡಿಯೋ ಬಾನಿಗೆ ಹಾಕ್ದ. ಮರ ಅಲ್ವಾ, ತೇಲ್ತು. ಮೇಲೆ ಒಂದು ಕಲ್ಲು ಹೇರಿದ. ಮೂರು ದಿನ! ದಿನಾ ಹೋಗಿ ಬಗ್ಗಿ ನೋಡೋನು, ಕರೆ ಹೋಗಿಲ್ಲ ಅಂತ ಬರೋನು. ನಾಲ್ಕನೇ ದಿನ ಅವ್ವ ಮಣೆ ಎಲ್ಲೋ ಅಂದ್ಲು. ತೆಗೆದು ತಂದು ಉರಿಬಿಸಿಲಿಗೆ ಇಟ್ಟ. ಊದಿಕೊಂಡಿದ್ದ ಮರ ಒಣಗ್ತಾ ಒಣಗ್ತಾ ಟಪ್ ಅಂತ ಸೀಳ್ತು. ಅಂಚಿನಿಂದ ನಡುವಿನ ತನಕ ಬಿರುಕು.

ಪುಟ್ಟಗೌರಮ್ಮ ಆ ಬಿರುಕಿನ ಮೇಲೆ ಬೆರಳಾಡಿಸಿ ನೋಡಿದ್ಲು. ಆಮೇಲೆ ಬೈಯಕ್ಕೆ ಹಿಡಿದ್ಲು ನೋಡು, ಬೀದಿಗೆಲ್ಲ ಕೇಳಿಸ್ತು. ಮಣೇನ ನೆನೆಸಿಡಬಾರ್ದು, ಉಪ್ಪು ಹಾಕಿ ನಿಂಬೆಹೋಳಲ್ಲಿ ಉಜ್ಜಿ, ನೀರು ತೋರಿಸಿದ ತಕ್ಷಣ ಬಟ್ಟೇಲಿ ಒರೆಸಿ, ಗಾಳಿಗೆ ಒರಗಿಸಿಡಬೇಕು ಕಣೋ ನನ್ನಪ್ಪ ಅಂದ್ಲು.

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ ಪೆದ್ದ.

ಮಾಡ್ದ. ಆದ್ರೆ ಮಣೆಗಲ್ಲ. ವಾರ ಕಳೆದು ಕುಂಬಾರರ ಮನೆಯಿಂದ ಹೊಸ ಮಣ್ಣಿನ ಮಡಕೆ ಬಂತು, ಹುಳಿ ಮಾಡಕ್ಕೆ. ಅವ್ವ ಇರ್ಲಿಲ್ಲ. ಪೆದ್ದ ಹಿಂದಿನ ಮಾತು ನೆನೆಸ್ಕೊಂಡ. ಉಪ್ಪು, ನಿಂಬೆಹೋಳು ತಗೊಂಡು ತಿಕ್ಕಿದ, ನೀರು ತೋರಿಸಿದ, ತಕ್ಷಣ ಒರೆಸಿದ. ಗುಂಡು ಮಡಕೆ, ಗೋಡೆಗೆ ಒರಗಿಸಿದ್ರೆ ಉರುಳ್ತದೆ. ಹಗ್ಗ ಕಟ್ಟಿ ಒರಗಿಸಿದ! ಮಾರನೇ ದಿನ ಸೋದರಮಾವನ ಕಡೆಯೋರೊಬ್ಬರು ಊಟಕ್ಕೆ ಬಂದಿದ್ರು. ಅವರಿಗೆ ಗೊತ್ತಿರೋ ಕಡೆ ಒಂದು ಹೆಣ್ಣಿತ್ತು. ಹುಳಿ ಕುದೀತಾ ಕುದೀತಾ ಮಡಕೆ ಬಿರಿದು, ಬೇಳೆಯೆಲ್ಲ ಒಲೆಗೆ ಸುರಿದು, ಮನೆ ತುಂಬ ಬೂದಿ. ಬಂದೋರು ಬರೀ ಮಜ್ಜಿಗೆ ಅನ್ನ ಉಂಡು ಎದ್ರು. ಹೆಣ್ಣಿನ ಮಾತೇ ಎತ್ತಲಿಲ್ಲ.

ಅವ್ವ ಹಣೆ ಚಚ್ಕೊಂಡ್ಲು. ಹೊಸ ಪಾತ್ರೆ ಬಂದ್ರೆ ಅಕ್ಕಿ ತೊಳೆದ ನೀರಲ್ಲಿ ಎರಡು ದಿನ ಮುಳುಗಿಸಿಡಬೇಕು, ಅಷ್ಟೂ ತಿಳಿಯಲ್ವೇನೋ ನಿಂಗೆ ಅಂದ್ಲು.

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಏನಾಯ್ತು ಹೇಳು ಪ್ರಮೀಳಾ. ಹೌದು, ಅದೇ! ಸಂತೆಯಿಂದ ಕಬ್ಬಿಣದ ದೋಸೆ ಕಾವಲಿ ಬಂತು. ಹೊಸ ಪಾತ್ರೆ ತಾನೇ? ಅಕ್ಕಿ ತೊಳೆದ ನೀರಲ್ಲಿ ಎರಡು ದಿನ. ತೆಗೆದಾಗ ಕಾವಲಿ ಕುಂಕುಮ ಬಳಿದಂಗಿತ್ತು, ಅಷ್ಟು ತುಕ್ಕು. ಅವ್ವ ಕೂತು ತುಕ್ಕು ತಿಕ್ಕಿ ತೆಗೆದ್ಲು. ಎಣ್ಣೆ ಸವರಿ, ಒಲೆ ಮೇಲಿಟ್ಟು, ಹೊಗೆ ಬರೋ ತನಕ ಕಾಯಿಸಬೇಕು, ಆಗ ಪಳಗ್ತದೆ ಅಂತ ಹೇಳಿಕೊಟ್ಲು. ಆಗ್ಲಿ ಕಣವ್ವ ಅಂದ.

ಆಮೇಲೆ ಬಡಗಿ ಹೊಸ ಮುದ್ದೆಕೋಲು ಮಾಡಿಕೊಟ್ಟ. ಹಳೇ ಕೋಲು ಸವೆದು ಗೇಣುದ್ದ ಆಗಿತ್ತು. ಸಂಜೆ ಅವ್ವ ಎಸರಿಗೆ ನೀರಿಟ್ಟು, ಪಕ್ಕದ ಮನೆಗೆ ರಾಗಿಹಿಟ್ಟು ತರಕ್ಕೆ ಹೋದ್ಲು. ಪೆದ್ದ ಕೋಲಿಗೆ ಎಣ್ಣೆ ಸವರಿದ. ಒಲೆ ಮೇಲಿದ್ದ ಎಸರು ಇಳಿಸಿದ. ಕೋಲು ಇಟ್ಟ. ಹೊಗೆ ಬಂತು. ಹೊಗೆ ಬಂದಾಗ ತೆಗೀಬೇಕು ಅಂತ ಯಾರು ಹೇಳಿದ್ರು? ಬರೋ ತನಕ ಕಾಯಿಸು ಅಂದಿದ್ಲು ಅವ್ವ, ಆಮೇಲೆ ಏನು ಮಾಡಬೇಕು ಅಂತ ಹೇಳಿರಲಿಲ್ಲ. ಅವಳು ಬರೋದನ್ನೇ ಕಾಯ್ತಾ ಕೂತಿದ್ದ. ಬಂದಾಗ ಕೋಲು ಕೆಂಡ ಆಗಿತ್ತು.

ಆವತ್ತು ಅವ್ವ ಬೈಯಲಿಲ್ಲ ಪ್ರಮೀಳಾ. ಇಬ್ಬರೂ ಅಂಬಲಿ ಕಾಯಿಸ್ಕೊಂಡು ಕುಡಿದ್ರು. ಕುಡೀತಾ ಕುಡೀತಾ ಅವಳ ಕಣ್ಣಲ್ಲಿ ನೀರು ಬಂತು. ಸೀಳಿದ ಈಳಿಗೆಮಣೆ ಎಳ್ಕೊಂಡು, ಮಗನ ಕೈ ಹಿಡಿದು, ಅಂಗೈಗೆ ಕೊಬ್ಬರಿ ಎಣ್ಣೆ ಹನಿ ಹಾಕಿ, ಮಣೆ ಮೇಲೆ ಆಡಿಸಿದ್ಲು.

"ಮರಕ್ಕೆ ಎಣ್ಣೆ ಕಾಣಿಸಬೇಕು ಮಗ, ಬೆಂಕಿ ಕಾಣಿಸಬಾರ್ದು. ಸವರಿ ನೆರಳಲ್ಲಿ ಒರಗಿಸಿಡು. ಎಣ್ಣೆ ಒಳಕ್ಕೆ ಇಳಿಯೋ ತನಕ ಅಲುಗಿಸಬೇಡ. ಒಣಗಿದ ಮರ ಅಂದ್ರೆ ವಯಸ್ಸಾದೋರ ಮೈ ಇದ್ದಂಗೆ ಕಣೋ."

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ. ಈ ಮಾತು ಮಾತ್ರ ಅವನ ತಲೇಲಿ ಗೂಟ ಹೊಡೆದಂಗೆ ಕೂತ್ಕೊಳ್ತು.

ಆ ಬೇಸಿಗೇಲಿ ಒಂದು ಸಂಬಂಧ ಬಂತು. ದೂರದ ಊರು, ಇವನ ಪೆದ್ದತನ ಅಲ್ಲಿಗೆ ತಲುಪಿರಲಿಲ್ಲ. ಮನೆ ನೋಡಕ್ಕೆ ಅಂತ ಹುಡುಗಿ ಅಪ್ಪ ಬಂದ, ಜೊತೆಗೆ ಹುಡುಗಿಯ ಅಜ್ಜಿ. ಹುಡುಗಿ ಬರಲಿಲ್ಲ, ಆಗೆಲ್ಲ ಹಂಗೆ ಬರೋ ಹಾಗಿರಲಿಲ್ಲ. ಬಸ್ಸಿಳಿದು ನಾಲ್ಕು ಮೈಲಿ ನಡ್ಕೊಂಡು ಬಂದಿದ್ರು. ಅಪ್ಪ ಕಾಲು ತೊಳೆಯಕ್ಕೆ ಹಿತ್ತಲಿಗೆ ಹೋದ. ಪುಟ್ಟಗೌರಮ್ಮ ಪಾನಕಕ್ಕೆ ಬೆಲ್ಲ ಸಾಲದು ಅಂತ ಪಕ್ಕದ ಮನೆಗೆ ಓಡಿದ್ಲು. ಹೋಗೋವಾಗ ಮಗನಿಗೆ, ಮಾತಾಡಬೇಡ, ಅಜ್ಜೀನ ಚೆನ್ನಾಗಿ ನೋಡ್ಕೋ ಅಂತ ಹೇಳಿ ಹೋದ್ಲು.

ಪೆದ್ದ ಅಜ್ಜೀನ ನೋಡ್ದ. ಜಗಲಿ ಮೇಲೆ ಬಿಸಿಲಲ್ಲಿ ಕೂತವ್ಳೆ. ಕಾಲು ನೋಡ್ದ. ಹಿಮ್ಮಡಿ ಒಡೆದು ಬಾಯಿ ಬಿಟ್ಟಿತ್ತು, ಥೇಟ್ ಈಳಿಗೆಮಣೆ ಬಿರುಕಿನ ಹಂಗೇ. ಒಂದು ಮಾತೂ ಆಡದೆ ಅಜ್ಜೀನ ಎತ್ಕೊಂಡ! ಅಜ್ಜಿ ಬಾಯಿ ತೆರೆಯೋದ್ರೊಳಗೆ ನಡುಮನೆ ನೆರಳಲ್ಲಿ ಗೋಡೆಗೆ ಒರಗಿಸಿದ. ಒದ್ದೆ ಬಟ್ಟೇಲಿ ಕಾಲು ಒರೆಸಿದ, ಒಣಬಟ್ಟೇಲಿ ಮತ್ತೆ ಒರೆಸಿದ. ಕೊಬ್ಬರಿ ಎಣ್ಣೆ ತಂದು ಒಂದೊಂದು ಬಿರುಕಿಗೂ ಬೆರಳಿಂದ ತುಂಬಿದ. ಅಲುಗಬೇಡಿ ಅಂತ ಕೈಸನ್ನೆ ಮಾಡಿ ಎದುರಿಗೆ ಕೂತ್ಕೊಂಡ.

ಅಪ್ಪ ಹಿತ್ತಲಿಂದ ಬಂದು ನೋಡ್ತಾನೆ, ಹೆತ್ತ ತಾಯಿ ಕಣ್ಣು ಮುಚ್ಚಿ ಗೋಡೆಗೆ ಒರಗವ್ಳೆ, ಎದುರಿಗೊಬ್ಬ ದೈತ್ಯ ಕಾವಲು ಕೂತವ್ನೆ. ಕೂಗಾಡಿಬಿಟ್ಟ. ಪುಟ್ಟಗೌರಮ್ಮ ಬೆಲ್ಲ ಹಿಡ್ಕೊಂಡು ಓಡಿ ಬಂದ್ಲು. ಹೋಯ್ತು, ಇದೂ ಹೋಯ್ತು ಅಂದ್ಕೊಂಡ್ಲು. ಆ ಗಲಾಟೆಗೆ ಅಜ್ಜಿ ಕಣ್ಣು ಬಿಟ್ಲು. ಸತ್ತಿರಲಿಲ್ಲ, ನಿದ್ದೆ ಹೋಗಿದ್ಲು.

"ಎಂಟು ಹೆತ್ತಿದೀನಿ. ಒಬ್ಬರೂ ನನ್ನ ಕಾಲು ಮುಟ್ಟಿ ಎಣ್ಣೆ ಹಚ್ಚಲಿಲ್ಲ" ಅಂದ್ಲು ಮಗನಿಗೆ. "ಕೂಗಬೇಡ, ಸುಮ್ನಿರು. ನಮ್ಮ ಹುಡುಗೀನ ಈ ಮನೆಗೇ ಕೊಡು."

ಕೊಟ್ರು. ಮದುವೆ ಮುಂಚಿನ ದಿನ ಹಸೆಮಣೆ ತಂದಿಟ್ರು. ಯಾರ ಮನೇದೋ, ವರ್ಷಾನುಗಟ್ಟಲೆ ಅಟ್ಟದ ಮೇಲಿದ್ದು ಒಣಗಿ ಬೆಳ್ಳಗಾಗಿತ್ತು. ಪೆದ್ದ ನೋಡ್ದ, ಎಣ್ಣೆ ತಂದ. ನೆರಳಲ್ಲಿ ಒರಗಿಸಿ, ಬೆಳಗಾಗೋ ತನಕ ಸವರಿದ್ದೇ ಸವರಿದ್ದು, ಎರಡು ಸೇರು ಎಣ್ಣೆ ಖರ್ಚು. ಬೆಳಗ್ಗೆ ಹೆಣ್ಣು ಬಂತು, ರೇಷ್ಮೆ ಸೀರೆ ಉಟ್ಕೊಂಡು, ತಲೆ ತಗ್ಗಿಸ್ಕೊಂಡು. ಹಸೆಮಣೆ ಮೇಲೆ ಕೂತ್ಲು. ಕೂತಿದ್ದೇ ತಡ, ಜರ್ ಅಂತ ಜಾರಿ ಹೋಗಿ ಅಯ್ನೋರ ಮಡಿಲ ಹತ್ರ ಬಿದ್ಲು! ಅಕ್ಷತೆ ತಟ್ಟೆ ಒಂದು ಕಡೆ, ಬಾಸಿಂಗ ಒಂದು ಕಡೆ. ವಾಲಗದೋರು ಊದೋದು ನಿಲ್ಲಿಸಿಬಿಟ್ರು.

ಎಲ್ಲಾರೂ ಹೆಣ್ಣಿನ ಮುಖ ನೋಡಿದ್ರು. ಎದ್ದು ಹೋಗ್ತಾಳೆ ಅಂತಲೇ ಅಂದ್ಕೊಂಡ್ರು. ಪುಟ್ಟಗೌರಮ್ಮ ಕಂಬ ಹಿಡ್ಕೊಂಡು ನಿಂತಿದ್ಲು, ಆ ಮುಖ ನಾನು ಸಾಯೋ ತನಕ ಮರೆಯಲ್ಲ. ಹೆಣ್ಣು ಗಂಡಿನ ಕೈ ನೋಡಿದ್ಲು, ಮೊಣಕೈ ತನಕ ಎಣ್ಣೆ. ನಗು ತಡೆಯಕ್ಕಾಗಲಿಲ್ಲ. ಬಿದ್ದಲ್ಲೇ ಕೂತು ನಕ್ಕಳು, ನಕ್ಕಳು, ಕಣ್ಣಿನ ಕಾಡಿಗೆ ಕರಗೋ ತನಕ ನಕ್ಕಳು. ಆಮೇಲೆ ಎದ್ದು ಬಂದು, ಹಸೆಮಣೆ ಮೇಲೊಂದು ಗೋಣಿತಾಟು ಹಾಕಿಸಿ, ಮತ್ತೆ ಕೂತ್ಲು.

ಬಾಯಿ ಮುಚ್ಚು ಪ್ರಮೀಳಾ, ನೊಣ ಹೋಗ್ತದೆ. ಹೌದು, ಆ ಜಾರಿದೋಳು ನಾನೇ. ಗಂಡನ ಹೆಸರು ಹೇಳಬಾರ್ದು ಅಂತ ನಮ್ಮಜ್ಜಿ ಕಲಿಸಿದ್ದು, ಅದಕ್ಕೇ ಪೆದ್ದ ಅಂದೆ. ಅವನು ಇವನು ಅಂದಿದ್ದೆಲ್ಲ ಕತೆಗೆ, ಮನೇಲಿ ಹಂಗನ್ನಲ್ಲ.

ನಮ್ಮತ್ತೆ ಆಮೇಲೆ ನಾಲ್ಕು ವರ್ಷ ಇದ್ರು. ಹೋಗೋ ಮುಂಚೆ ಈ ಈಳಿಗೆಮಣೆ ನನ್ನ ಮುಂದೆ ಇಟ್ರು. ಒಂದು ಕೈ ಮಣೆ ಮೇಲೆ, ಇನ್ನೊಂದು ಕೈ ಮಗನ ತಲೆ ಮೇಲೆ. ಎರಡೂ ಒಣಗದಂಗೆ ನೋಡ್ಕೋ ತಾಯಿ ಅಂದ್ರು. ಆಗ್ಲಿ ಕಣತ್ತೆ ಅಂದೆ. ಐವತ್ತೆರಡು ವರ್ಷ ಆಯ್ತು. ಮಣೆ ಬಿರುಕು ಇನ್ನೊಂದು ಕೂದಲೂ ಮುಂದಕ್ಕೆ ಹೋಗಿಲ್ಲ. ಇವರನ್ನ ನೋಡ್ಕೊಂಡೆ ಅಂತ ಹೇಳ್ತೀನಿ, ಆದ್ರೆ ನಿಜ ಹೇಳ್ಬೇಕಂದ್ರೆ ನನ್ನ ಹಿಮ್ಮಡಿ ಈ ಐವತ್ತೆರಡು ವರ್ಷದಲ್ಲಿ ಒಂದು ಸಲವೂ ಒಡೆದಿಲ್ಲ. ಬೇಕಾದ್ರೆ ನೋಡು.

ಅವರೆಲ್ಲಿ ಅಂತೀಯಾ? ಊಟ ಆದ ಮೇಲೆ ನಾನೇ ಹೇಳ್ದೆ, ಈಳಿಗೆಮಣೆಗೆ ಎಣ್ಣೆ ಸವರಿ ಮುಂದುಗಡೆ ನೆರಳಲ್ಲಿ ಇಡಿ ಅಂತ. ನನ್ನದೇ ತಪ್ಪು. ಬಾಗಿಲ ಮುಂದಿನ ಹೊಂಗೆ ಮರ ರಸ್ತೆಗೆ ಅಂತ ಹೋದ ವಾರ ಕಡಿದ್ರಲ್ಲ, ಮರೆತೇಬಿಟ್ಟಿದ್ದೆ. ಈಗ ಅಲ್ಲಿ ನೆರಳೆಲ್ಲಿದೆ? ಬಗ್ಗಿ ನೋಡು ಕಿಟಕೀಲಿ. ಬಿಸಿಲಿಗೆ ಬೆನ್ನು ಕೊಟ್ಟು ನಿಂತವ್ರೆ, ಎಂಬತ್ತು ದಾಟಿದ ಮನುಷ್ಯ. ತನ್ನ ನೆರಳೇ ಮಣೆ ಮೇಲೆ ಬೀಳೋ ಹಂಗೆ ನಿಂತವ್ರೆ. ಹೊತ್ತು ಸರಿದಂಗೆ ಒಂದೊಂದು ಹೆಜ್ಜೆ ಸರೀತಾ ಇದಾರೆ.

ಇರು, ಕರೀತೀನಿ. ಮಣೆ ಒಳಕ್ಕೆ ತನ್ನಿ ಅಂದ್ರೆ ಮಣೆ ಒಳಗಿಟ್ಟು ತಾವು ಹೋಗಿ ಮತ್ತೆ ಬಿಸಿಲಲ್ಲೇ ನಿಂತಾರು. ನೋಡಿ ಹೇಳಬೇಕು.

"ಏನ್ರೀ, ಮಣೆ ಎತ್ಕೊಂಡು ನೀವೂ ಒಳಕ್ಕೆ ಬನ್ನಿ."

"ಎಣ್ಣೆ ಇನ್ನೂ ಇಳಿದಿಲ್ಲ ಕಣೆ. ಅಲುಗಿಸಬೇಡ ಅಂದವ್ಳೆ ಅವ್ವ."

ಕೇಳಿಸ್ಕೊಂಡ್ಯಾ? ಅಂದವ್ಳೆ ಅಂತೆ, ಈಗ ತಾನೇ ಪಕ್ಕದ ಮನೆಗೆ ಬೆಲ್ಲ ತರಕ್ಕೆ ಹೋಗಿರೋ ಹಂಗೆ. ಪ್ರಮೀಳಾ, ಆ ಮೂಲೇಲಿರೋ ಛತ್ರಿ ಕೊಡವ್ವ ಇಲ್ಲಿ. ಎಣ್ಣೆ ಇಳಿಯೋ ತನಕ ನಾನೂ ಹೋಗಿ ಅವರ ಪಕ್ಕ ನಿಂತ್ಕೋತೀನಿ.